ರಕ್ತ ತೆಳು ಮಾಡೋ ಅಸಿಟ್ರೋಮ್, ವಾರ್ಫರಿನ್ ತಗೊಳ್ಳೋರು ದಯವಿಟ್ಟು ಓದಿ

ಎಲ್ರಿಗೂ ನಮಸ್ಕಾರ. ಹಾರ್ಟ್ ವಾಲ್ವ್ ಆಪರೇಷನ್ ಆಗಿರೋರು, ಅವ್ರ ಮನೆಯವ್ರು ಇದನ್ನ ಪೂರ್ತಿ ಓದಿ. ಮಳೆಗಾಲದಲ್ಲಿ ಭೇದಿ ಅಂತ ಮೆಡಿಕಲ್‌ನಲ್ಲಿ ಕೇಳಿದ್ರೆ ಮೆಟ್ರೋನಿಡಜೋಲ್ ಕೊಟ್ಬಿಡ್ತಾರೆ, ಅದು ನಿಮ್ಮ ರಕ್ತ ತೆಳು ಮಾಡೋ ಮಾತ್ರೆ ಲಿವರ್‌ನಲ್ಲಿ ಕರಗೋದನ್ನ ತಡೆಯುತ್ತೆ, ಹಾಗಾಗಿ ಡೋಸ್ ಅಷ್ಟೇ ಇದ್ರೂ ಕೆಲವೇ ದಿನದಲ್ಲಿ, ರಕ್ತ ಹೆಪ್ಪುಗಟ್ಟೋಕೆ ಎಷ್ಟು ಹೊತ್ತು ಹಿಡಿಯುತ್ತೆ ಅಂತ ತೋರಿಸೋ ಐಎನ್‌ಆರ್ ಏರುತ್ತೆ, ಅಂದ್ರೆ ರಕ್ತಸ್ರಾವದ ಅಪಾಯ. ಕೋಟ್ರೈಮಾಕ್ಸಜೋಲ್, ಫ್ಲುಕೋನಜೋಲ್ ಕೂಡ ಹಾಗೇ, ಅಷ್ಟೇ ಯಾಕೆ ಫಂಗಸ್‌ಗೆ ಬಾಯೊಳಗೆ ಹಚ್ಚೋ ಮೈಕೊನಜೋಲ್ ಜೆಲ್ ಕೂಡ! ಟಿಬಿಯ ರಿಫಾಂಪಿಸಿನ್ ಮಾತ್ರ ಉಲ್ಟಾ, ಐಎನ್‌ಆರ್ ಇಳಿಸುತ್ತೆ, ವಾಲ್ವ್ ಹತ್ರ ರಕ್ತ ಹೆಪ್ಪುಗಟ್ಟೋ ಅಪಾಯ.

ಯಾವ ಡಾಕ್ಟರ್ ಹತ್ರ ಹೋದ್ರೂ, ಹಲ್ಲಿನ ಡಾಕ್ಟರಾದ್ರೂ ಸರಿ, ಮೊದಲು ಐಎನ್‌ಆರ್ ಪುಸ್ತಕ ತೋರಿಸಿ. ಹೊಸ ಮಾತ್ರೆ ಶುರುವಾದ 3ರಿಂದ 5 ದಿನದಲ್ಲಿ ಒಂದ್ಸಲ ಟೆಸ್ಟ್, ಕೋರ್ಸ್ ಮುಗಿದ್ಮೇಲೆ ಇನ್ನೊಂದ್ಸಲ, ಇದು ತುಂಬಾ ಜನ ಮರೀತಾರೆ. ನಿಮ್ಮ ಐಎನ್‌ಆರ್ ಟಾರ್ಗೆಟ್ 2ರಿಂದ 3 ಇದೆಯೋ 2.5ರಿಂದ 3.5 ಇದೆಯೋ ಮನೆಯವ್ರಿಗೂ ಗೊತ್ತಿರ್ಲಿ, ಆದ್ರೆ ಡೋಸ್ ನೀವೇ ಹೆಚ್ಚುಕಮ್ಮಿ ಮಾಡ್ಬೇಡಿ.

ಮಂಡಿನೋವಿಗೆ ಡೈಕ್ಲೋಫೆನಾಕ್, ಐಬುಪ್ರೊಫೆನ್ ಕೇಳದೆ ನುಂಗ್ಬೇಡಿ, ಐಎನ್‌ಆರ್ ಸರಿಯಾಗೇ ಇದ್ರೂ ಹೊಟ್ಟೆಯೊಳಗೆ ರಕ್ತ ಸುರಿಯಬಹುದು. ಪ್ಯಾರಾಸಿಟಮಾಲ್ ಪರ್ವಾಗಿಲ್ಲ, ಆದ್ರೆ ದಿನಾ ತಗೊಳ್ಳೋದಾದ್ರೆ ಡಾಕ್ಟರ್‌ಗೆ ಹೇಳಿ.

ಡಾಂಬರಿನ ಹಾಗೆ ಕಪ್ಪು ಮಲ, ಕೆಂಪು ಮೂತ್ರ, ನಿಲ್ಲದ ಮೂಗಿನ ರಕ್ತ, ತಲೆಗೆ ಪೆಟ್ಟು, ಇದ್ರಲ್ಲಿ ಯಾವುದಾದ್ರೂ ಆದ್ರೆ ಗ್ರೂಪ್‌ನಲ್ಲಿ ಹಾಕಿ ಉತ್ತರಕ್ಕೆ ಕಾಯ್ಬೇಡಿ, ರಾತ್ರಿಯಾದ್ರೂ ನೇರ ಎಮರ್ಜೆನ್ಸಿಗೆ ಹೋಗಿ.