ಕೊನೆಯ ಕಂತು ಕಟ್ಟಿ ಬಂದೆ

ಗೋದಾಮಿನ ಸಾಲದ ಕೊನೆಯ ಕಂತು ನಿನ್ನೆ ಕಟ್ಟಿದೆ. ನಮ್ಮದು ಸಂಗೀತದ ಬ್ಯಾಂಡುಗಳ ಅಚ್ಚಿರುವ ಅಂಗಿ ಮಾರುವ ಅಂಗಡಿ, ಕಳ್ಳ ಅಚ್ಚಲ್ಲ, ಲೈಸೆನ್ಸ್ ಅಂದರೆ ಅನುಮತಿ ಪಡೆದದ್ದು. 2022ರ ಸೆಪ್ಟೆಂಬರ್ ಮಳೆಗೆ ಗೋದಾಮಿಗೆ ನೀರು ನುಗ್ಗಿ ಮಾಲು ಹಾಳಾಯಿತು; ಆಮೇಲಿನ ಇನ್ಶೂರೆನ್ಸ್ ಅಲೆದಾಟದ ಕಥೆ ಬೇಡ. ಕೈಸಾಲ ಕೊಟ್ಟ ಭಾವ, ಬಾಡಿಗೆಗೆ ಕಾದ ಓನರ್, ಬಾಕಿ ಇದ್ದರೂ ಬಟ್ಟೆ ಕಳಿಸಿದ ತಿರುಪ್ಪೂರಿನವರು, ನನ್ನ ಗೊಣಗಾಟ ಸಹಿಸಿದ ಹೆಂಡತಿ, ಎಲ್ಲರಿಗೂ ಕೈಮುಗಿಯುತ್ತೇನೆ. (ಒಂದೇ ಸಾಲಿನಲ್ಲಿ ಮುಗಿಸಿದ್ದಕ್ಕೆ ಮನೆಯಲ್ಲಿ ವಿಚಾರಣೆ ಇದೆ.)

ಮುಖ ನೋಡದ ಒಬ್ಬರನ್ನೂ ನೆನೆಯಬೇಕು: ಡೆಲ್ ಫ್ಯುರಾನೊ. 1974ರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದಲ್ಲಿ ರಾಕ್ ಶೋಗಳನ್ನು ಏರ್ಪಡಿಸುತ್ತಿದ್ದ ಬಿಲ್ ಗ್ರಹಾಂ ಜೊತೆ ಬ್ಯಾಂಡುಗಳ ಅಂಗಿ ಮಾರುವ ವಿಂಟರ್‌ಲ್ಯಾಂಡ್ ಪ್ರೊಡಕ್ಷನ್ಸ್ ಕಂಪನಿ ಶುರುಮಾಡಿದವರು, 2021ರಲ್ಲಿ ತೀರಿಕೊಂಡರು. ಬ್ಯಾಂಡಿನ ಹೆಸರು ಬ್ಯಾಂಡಿನದೇ ಆಸ್ತಿ, ಅದನ್ನು ಅಂಗಿಯ ಮೇಲೆ ಅಚ್ಚು ಹಾಕುವವನು ಅಡ್ವಾನ್ಸ್ ಕೊಡಬೇಕು, ಶೋ ಮುಗಿದ ರಾತ್ರಿ ಎಷ್ಟು ತಂದೆವು, ಎಷ್ಟು ಉಳಿಯಿತು ಎಂದು ಎಣಿಸಿ ಕಲಾವಿದರ ಪಾಲು ತೆಗೆದಿಡಬೇಕು ಎನ್ನುವುದು ಒಂದು ಕಸುಬಾಗಿ ನಿಂತದ್ದು ಅವರಂಥವರಿಂದ. ಗೇಟಿನ ಹೊರಗೆ ಕಳ್ಳ ಅಚ್ಚಿನ ಅಂಗಿ ಮಾರುವವರ ಹೆಸರೇ ಗೊತ್ತಿರುವುದಿಲ್ಲವಲ್ಲ, ಅಂಥ ಅನಾಮಿಕರ ಮೇಲೂ 80ರ ದಶಕದ ಆರಂಭದಲ್ಲೇ ವಿಂಟರ್‌ಲ್ಯಾಂಡ್‌ನವರು ಅಮೆರಿಕದ ಕೋರ್ಟಿನಲ್ಲಿ ತಡೆಯಾಜ್ಞೆ ಕೇಳಿದ್ದರು. ನಮ್ಮ ದೇಶದಲ್ಲೂ ಈಗ ಅಂಥದ್ದು ಸಿಗುತ್ತದೆ, ಹೆಸರು ಗೊತ್ತಿಲ್ಲದವರಿಗೆ ಕೋರ್ಟಿನಲ್ಲಿ ಇಡುವ ಹೆಸರಿನಿಂದ ಅದಕ್ಕೆ ಅಶೋಕ್ ಕುಮಾರ್ ಆದೇಶ ಅನ್ನುತ್ತಾರೆ.

ಇನ್ನು ನಮ್ಮ ಚೆಕಿಂಗ್ ಅಕ್ಕ, ಅಂಗಿಗಳಲ್ಲಿ ದೋಷ ಇದೆಯೇ ಎಂದು ನೋಡುವವರು. ಬೊಮ್ಮನಹಳ್ಳಿಯ ಗಾರ್ಮೆಂಟ್ಸ್‌ನಲ್ಲಿ ಕಣ್ಣು ಸವೆಸಿ ನಮ್ಮಲ್ಲಿಗೆ ಬಂದವರು. ಮಳೆಯ ಆ ರಾತ್ರಿ ಗೋದಾಮಿನಲ್ಲಿ ಮೊಣಕಾಲುದ್ದ ನೀರು, ಕರೆಂಟಿಲ್ಲ. ಹುಡುಗರ ಮನೆಗಳಿಗೂ ನೀರು ನುಗ್ಗಿತ್ತು, ಕೈಲಾದಷ್ಟು ಎತ್ತಿಟ್ಟು ಹೊರಟರು. ಅಕ್ಕ ಹೋಗಲಿಲ್ಲ. ಸೀರೆ ಎತ್ತಿ ಕಟ್ಟಿ, ಮೊಬೈಲ್ ಬೆಳಕಿನಲ್ಲಿ ಒಂದೊಂದೇ ಬಂಡಲ್ ಬಿಚ್ಚಿ ನೆನೆದದ್ದು, ನೆನೆಯದ್ದು ಬೇರೆ ಮಾಡತೊಡಗಿದರು. ನಾನು ಮೆಟ್ಟಿಲ ಮೇಲೆ ಕೂತು ಅಳುತ್ತಿದ್ದೆ. ಎಲ್ಲ ಮುಗಿಯಿತು ಅನ್ನಿಸಿತ್ತು, ಇನ್ನೂ ಏನೇನೋ ಅನ್ನಿಸಿತ್ತು.

"ಆಮೇಲ್ ಅಳೀರಂತೆ ಸಾರ್, ಮೊದ್ಲು ಲೆಕ್ಕ ಬರ್ಕೊಳಿ" ಅಂದರು.

ಬೆಳಕು ಹರಿಯುವ ಹೊತ್ತಿಗೆ ಒಬ್ಬರು ಬಂದು, ಕೆಸರಾದ ಅಂಗಿಗಳಿಗೆ ಈಗಲೇ ಕ್ಯಾಶ್ ಕೊಡ್ತೀನಿ ಅಂದರು. ಒಗೆದರೆ ಫುಟ್‌ಪಾತಿನಲ್ಲಿ ಹೋಗುವ ಮಾಲು. ಆದರೆ ನಮ್ಮ ಲೈಸೆನ್ಸ್ ಪ್ರಕಾರ ಕೆಟ್ಟ ಪೀಸನ್ನೂ ಎಣಿಸಿ ನಾಶ ಮಾಡಬೇಕು. ನಾನು ಬಾಯಿ ತೆರೆಯುವ ಮೊದಲೇ ಅಕ್ಕ ಕತ್ತರಿ ತೆಗೆದು ಮೊದಲ ಅಂಗಿಯ ಎದೆಯ ಮೇಲಿನ ಅಚ್ಚನ್ನು ಅಡ್ಡಕ್ಕೆ ಸೀಳಿದರು. "ಎಕ್ಸ್‌ಪೋರ್ಟ್ ರಿಜೆಕ್ಟು ಹಿಂಗೇ ಅಲ್ವಾ ಮಾಡೋದು?" ಅಂಗಿಯ ಮೇಲಿದ್ದ ಬ್ಯಾಂಡಿನ ಒಂದು ಹಾಡನ್ನೂ ಅವರು ಕೇಳಿಲ್ಲ. ಅಚ್ಚಿನಲ್ಲಿರುವ ತಲೆಬುರುಡೆ ಕಂಡರೆ ಈಗಲೂ, "ಈ ಅನಿಷ್ಟಾನ ದುಡ್ ಕೊಟ್ಟು ಹಾಕ್ಕೋತಾರಾ?" ಅನ್ನುತ್ತಾರೆ.

ಅವರು ಹೇಳಿ ನಾನು ಬರೆದುಕೊಂಡ ಆ ಲೆಕ್ಕ, ಸೀಳಿದ ಅಂಗಿಗಳ ಫೋಟೊ ನೋಡಿದ ಮೇಲೆಯೇ ಲೈಸೆನ್ಸ್ ಕೊಟ್ಟವರು ನಮಗೆ ಸಮಯ ಕೊಟ್ಟದ್ದು. ಇಲ್ಲದಿದ್ದರೆ ಅಂಗಡಿಗೆ ಆಗಲೇ ಬೀಗ.

ಈ ತಿಂಗಳಿಂದ ಅಂಗಡಿಯಲ್ಲಿ ಅಕ್ಕನಿಗೂ ಪಾಲು. ಪೇಪರ್ ರೆಡಿ ಇದೆ. ಮಗಳ ಹತ್ತಿರ ಪೂರ್ತಿ ಓದಿಸದೆ ಸಹಿ ಹಾಕಲ್ಲ ಅಂದಿದ್ದಾರೆ. ಭಾನುವಾರ ಹೋಗಿ ಕೊಟ್ಟು ಬರುತ್ತೇನೆ.