ನಂದಿ ಬೆಟ್ಟ ಇಳಿದವರು ನಂದಿ ಊರಿನಲ್ಲೂ ಇಳಿಯಲಿ

ಮಾನ್ಯ ಸಂಪಾದಕರೇ,

ಶನಿವಾರ, ಭಾನುವಾರ ನಸುಕಿನಲ್ಲೇ ಬೆಂಗಳೂರಿನಿಂದ ಸಾಲುಗಟ್ಟಿ ಬರುವ ವಾಹನಗಳು ನಂದಿ ಬೆಟ್ಟದಲ್ಲಿ ಸೂರ್ಯೋದಯ ಮುಗಿಸಿಕೊಂಡು ಒಂಬತ್ತು–ಹತ್ತು ಗಂಟೆಗೆಲ್ಲ ಮತ್ತೆ ಹೆದ್ದಾರಿ ಹಿಡಿಯುತ್ತವೆ. ಇನ್ನೊಂದು ಗುಂಪು ಮಧ್ಯಾಹ್ನದ ಮೇಲೆ ಹೊರಟು, 2023ರ ಜನವರಿಯಲ್ಲಿ ಚಿಕ್ಕಬಳ್ಳಾಪುರದ ಬಳಿ ಅನಾವರಣಗೊಂಡ 112 ಅಡಿಯ ಆದಿಯೋಗಿ ಪ್ರತಿಮೆಯನ್ನೂ ಅಲ್ಲಿನ ಸಂಜೆಯ ಬೆಳಕಿನ ಪ್ರದರ್ಶನವನ್ನೂ ನೋಡಿ ರಾತ್ರಿ ವಾಪಸಾಗುತ್ತದೆ. ನಡುವಿನ ಹೊತ್ತಿಗೆ ಇರುವುದು ಬೆಟ್ಟದ ಬುಡದ ನಂದಿ ಗ್ರಾಮದ ಭೋಗನಂದೀಶ್ವರ ದೇವಸ್ಥಾನ. ಅದನ್ನು ನೋಡಲು ಒಂದು ಗಂಟೆ ಸಾಕು. ಜಿಲ್ಲೆಗೆ ಬರುವ ಜನ ಕಡಿಮೆಯಿಲ್ಲ, ಅವರು ಇಲ್ಲಿ ಕಳೆಯುವ ಹೊತ್ತು ಕಡಿಮೆ. ಆ ಹಗಲನ್ನು ತುಂಬುವ ಒಂದು ಸಮುದಾಯ ಕಲಾ ಕೇಂದ್ರ ನಂದಿ ಗ್ರಾಮದಲ್ಲಿ ಆಗಬೇಕು.

ಕೇಂದ್ರ ಎಂದ ಕೂಡಲೇ ಹೊಸ ಕಟ್ಟಡ, ಟೆಂಡರು, ಶಂಕುಸ್ಥಾಪನೆಯ ಕಲ್ಲು ನೆನಪಾಗುತ್ತದೆ. ಆ ದಾರಿ ಬೇಡ. ಭೋಗನಂದೀಶ್ವರ ದೇವಾಲಯ ಕೇಂದ್ರ ಪುರಾತತ್ವ ಇಲಾಖೆಯ ರಕ್ಷಿತ ಸ್ಮಾರಕ. ಅದರ ಸುತ್ತ 100 ಮೀಟರ್ ಒಳಗೆ ಹೊಸದಾಗಿ ಕಟ್ಟುವಂತಿಲ್ಲ. ಮುಂದಿನ 200 ಮೀಟರಿಗೂ ಅನುಮತಿ ಬೇಕು. ಗುಡಿಯ ಪಕ್ಕದಲ್ಲೇ ಜಾಗ ಗುರುತಿಸಿದರೆ ಕಡತ ವರ್ಷಗಟ್ಟಲೆ ಮೇಜಿನಿಂದ ಮೇಜಿಗೆ ಅಲೆಯುತ್ತದೆ. ಆ 300 ಮೀಟರ್ ಆಚೆ, ಆದರೆ ಗುಡಿಯಿಂದ ಹತ್ತು ನಿಮಿಷದ ನಡಿಗೆಯೊಳಗೆ, ಬಳಕೆ ಕಡಿಮೆಯಿರುವ ಹಳೆಯ ಶಾಲೆಯನ್ನೋ ಸಮುದಾಯ ಭವನವನ್ನೋ ಆರಿಸಿಕೊಳ್ಳಲಿ. ನೋಡಬೇಕಾದ್ದು ಮುಖ್ಯವಾಗಿ ಅಂಗಳ: ಕನಿಷ್ಠ 15 ಮೀಟರ್ ಉದ್ದ, 12 ಮೀಟರ್ ಅಗಲ, ಒಂದು ಬದಿಯಲ್ಲಾದರೂ ಮರದ ನೆರಳು.

ಅಂಗಳವೇ ಏಕೆಂದರೆ, ಈ ನೆಲದ ಮೊದಲ ವಾದ್ಯ ತಮಟೆ. ಸಿಮೆಂಟ್ ಗೋಡೆ, ತಗಡಿನ ಚಾವಣಿಯ ಹಾಲ್‌ನಲ್ಲಿ ಎಂಟು ತಮಟೆ ಒಟ್ಟಿಗೆ ಬಾರಿಸಿದರೆ ಒಂದು ಪೆಟ್ಟಿನ ಮೇಲೆ ಇನ್ನೊಂದರ ಪ್ರತಿಧ್ವನಿ ಬಿದ್ದು ಬರೀ ಗದ್ದಲ ಉಳಿಯುತ್ತದೆ. ಗತ್ತು, ಅಂದರೆ ಬಡಿತದ ವರಸೆ, ಬದಲಾದದ್ದೇ ಕೇಳುವವರಿಗೆ ತಿಳಿಯುವುದಿಲ್ಲ. ಬಯಲಿನಲ್ಲಿ ಆರು ಮೀಟರ್ ದೂರ ಕೂತರೆ ಸಣ್ಣ ಕಡ್ಡಿಯ ಸದ್ದು, ದಪ್ಪ ಕೋಲಿನ ಸದ್ದು ಬೇರೆ ಬೇರೆಯಾಗಿ ಕಿವಿಗೆ ಬೀಳುತ್ತವೆ. ಮೈಕ್ ಬೇಡವೇ ಬೇಡ. ಚರ್ಮದ ತಮಟೆ ತೇವಕ್ಕೆ ಸಡಿಲಾಗುವುದರಿಂದ ಆಟಕ್ಕೆ ಮೊದಲು ಬೆಂಕಿಗೆ ಹಿಡಿದು ಕಾಯಿಸಬೇಕು. ಮುಚ್ಚಿದ ಸಭಾಂಗಣದಲ್ಲಿ ಇದಕ್ಕೆ ಜಾಗವಿರದೆ ಕಲಾವಿದರು ಹಿಂಬದಿಯ ಕಸದ ಮೂಲೆಯಲ್ಲಿ ಹುಲ್ಲು ಸುಡಬೇಕಾಗುತ್ತದೆ. ಅಂಗಳದಲ್ಲೇ ಒಂದು ಕಲ್ಲಿನ ಒಲೆ ಕಟ್ಟಿ, ಕಾಯಿಸುವುದನ್ನು ಜನರ ಎದುರಿಗೇ ಮಾಡಲಿ. ಶ್ರುತಿ ಏರುವುದನ್ನು ಕಣ್ಣಾರೆ ನೋಡಿ, ಕಿವಿಯಾರೆ ಕೇಳಿದವರು ಆಟ ಮುಗಿಯುವವರೆಗೂ ಏಳುವುದಿಲ್ಲ.

ಕೇಳಿಕೆ ಎಂದರೆ ಈ ಭಾಗದ ಬಯಲಾಟ, ರಾತ್ರಿಯಿಡೀ ನಡೆಯುವ ಆಟ. ಅದನ್ನು ಹಗಲಿಗೆ ತರುವಾಗ ಇಡೀ ಪ್ರಸಂಗವನ್ನು ಓಡಿಸುವುದು ತಪ್ಪು. ಪಾತ್ರ ಪ್ರವೇಶವೂ ಒಂದು ಯುದ್ಧವೂ ಇರುವ 45 ನಿಮಿಷದ ಭಾಗವನ್ನು ಭಾಗವತರೇ ಆರಿಸಲಿ, ಕಾರ್ಯಕ್ರಮ ನಿರೂಪಕರಲ್ಲ. ಬಣ್ಣ ಹಚ್ಚುವ ಕೋಣೆಯ ಬಾಗಿಲು ತೆರೆದಿರಲಿ. ಕಿರೀಟ, ಭುಜಕೀರ್ತಿ ಕಟ್ಟುವುದನ್ನು ನೋಡಲು ಮಕ್ಕಳು ಎಷ್ಟು ಹೊತ್ತಾದರೂ ನಿಲ್ಲುತ್ತಾರೆ. ತತ್ವಪದ ಹಾಡಿಸುವಾಗ, ಈ ಭಾಗದ ಸಂತಕವಿ ಕೈವಾರ ತಾತಯ್ಯನವರ ಪದಗಳು ತೆಲುಗಿನಲ್ಲೂ ಇರುವುದರಿಂದ ಕನ್ನಡ ಅರ್ಥವಿರುವ ಒಂದು ಹಾಳೆ ಕೈಗೆ ಕೊಡಬೇಕು.

ಇನ್ನು ದುಡ್ಡು. ಇಂಥ ಕೇಂದ್ರಗಳು ಬಾಗಿಲು ಹಾಕುವುದು ಸಾಮಾನ್ಯವಾಗಿ ಇಲ್ಲಿಯೇ. ತಮಟೆಯ ಒಂದು ಪ್ರದರ್ಶನಕ್ಕೆ ಎಂಟು ಜನ, ತಲೆಗೆ ₹800 ಎಂದರೆ ₹6,400. ಟಿಕೆಟ್ ₹150 ಇಟ್ಟು 60 ಜನ ಬಂದರೆ ₹9,000. ಉಳಿದ ₹2,600 ವಿದ್ಯುತ್ತಿಗೆ, ಸ್ವಚ್ಛತೆಗೆ. 30 ಜನರೇ ಬಂದರೆ ₹1,900 ಕೈಯಿಂದ ಹೋಗುತ್ತದೆ. ಆರು ತಿಂಗಳ 52 ವಾರಾಂತ್ಯದ ದಿನಗಳೂ ಹೀಗೇ ಆದರೆ ಕೊರತೆ ₹98,800. ಈ ಒಂದು ಲಕ್ಷವನ್ನು ಮೊದಲೇ ತೆಗೆದಿಟ್ಟು ಶುರು ಮಾಡಬೇಕು. ಕಲಾವಿದರ ಸಂಭಾವನೆಯನ್ನು ಟಿಕೆಟ್ ಮಾರಾಟಕ್ಕೆ ಗಂಟು ಹಾಕಬಾರದು. ಅದೇ ಸಂಜೆ ಅವರ ಖಾತೆಗೆ ಬೀಳಬೇಕು. ಬಿಲ್ಲು, ಓಚರು ಎಂದು ನಾಲ್ಕು ತಿಂಗಳು ಅಲೆಸಿದರೆ ಒಳ್ಳೆಯ ತಂಡ ಮತ್ತೆ ಬರುವುದಿಲ್ಲ. ಕೇಳಿಕೆ ತಂಡ ದೊಡ್ಡದು, ಖರ್ಚೂ ದೊಡ್ಡದು. ಮೊದಲಿಗೆ ತಿಂಗಳಿಗೆ ಎರಡು ಆಟ ಸಾಕು.

ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರಿಗೆ ತಮಟೆಗಾಗಿ 2023ರಲ್ಲಿ ಪದ್ಮಶ್ರೀ ಬಂದದ್ದು ಈ ಜಿಲ್ಲೆಯ ಹೆಮ್ಮೆ. ಆದರೂ ತಮಟೆಯವರನ್ನು ಅತಿಥಿಗಳು ಬರುವವರೆಗೆ ಗೇಟಿನ ಬಳಿ ಬಿಸಿಲಲ್ಲಿ ನಿಲ್ಲಿಸುವುದು ನಿಂತಿಲ್ಲ. ಕೇಂದ್ರದಲ್ಲಿ ಅವರಿಗೆ ಕುರ್ಚಿ, ಬಟ್ಟೆ ಬದಲಿಸುವ ಕೋಣೆ, ಎಲ್ಲರ ಜೊತೆ ಒಂದೇ ಪಂಕ್ತಿಯ ಊಟ ಇರಲೇಬೇಕು. ವಾರದ ದಿನಗಳ ಸಂಜೆ ಊರಿನ ಹುಡುಗ ಹುಡುಗಿಯರು ಅವರಿಂದ ಕಲಿಯಲಿ, ಕಲಿಸಿದ್ದಕ್ಕೂ ಸಂಭಾವನೆ ಸಿಗಲಿ. ಶನಿವಾರದ ಆಟಕ್ಕೆ ಮುಂದೆ ಜನ ಸಿಗುವುದು ಆ ಸಂಜೆಗಳಿಂದ.

ಶಿಡ್ಲಘಟ್ಟದ ರೇಷ್ಮೆಗೊಂದು ಮೂಲೆ ಬೇಕು. ಒಂದು ಕೆ.ಜಿ. ನೂಲಿಗೆ 6ರಿಂದ 8 ಕೆ.ಜಿ. ಗೂಡು ಬೇಕೆಂಬುದನ್ನು ಚರಕದ ಮುಂದೆ ನಿಂತು ನೋಡಿದವರು ಸೀರೆಯ ಬೆಲೆಗೆ ಚೌಕಾಸಿ ಮಾಡುವ ಮುನ್ನ ಯೋಚಿಸುತ್ತಾರೆ. ಗೂಡು ಬೇಯುವ ನೀರು ಕುದಿಯುತ್ತಿರುತ್ತದೆ, ವಾಸನೆಯೂ ಇರುತ್ತದೆ. ಒಂದು ಮೀಟರ್ ದೂರಕ್ಕೆ ಅಡ್ಡಗಟ್ಟೆ, ಗಾಳಿಯಾಡುವ ಜಾಗ ಬೇಕು. ಮಾರುವ ಬಟ್ಟೆಗೆ ಅಪ್ಪಟ ರೇಷ್ಮೆಯ ಗುರುತಾದ ಸಿಲ್ಕ್ ಮಾರ್ಕ್ ಇಲ್ಲದಿದ್ದರೆ ಮಾರಲೇಬಾರದು.

ಊಟಕ್ಕೆ ಸ್ತ್ರೀಶಕ್ತಿ ಸಂಘದವರ ಮುದ್ದೆ, ಬಸ್ಸಾರು. ಕಾಲ ಬಂದಾಗ ಅವರೆಕಾಳಿನ ಸಾರು. ಮುದ್ದೆ ಆರಿದರೆ ಯಾರೂ ತಿನ್ನರು, ಹಾಗಾಗಿ ಟಿಕೆಟ್ ಕೊಡುವಾಗಲೇ ಊಟದ ಲೆಕ್ಕ ಬರೆದುಕೊಳ್ಳಬೇಕು. ನಸುಕಿಗೇ ಮನೆ ಬಿಟ್ಟ ಹೆಣ್ಣುಮಕ್ಕಳು ಮೊದಲು ಕೇಳುವುದು ಶೌಚಾಲಯ. ಅವರಿಗೆ ನಾಲ್ಕು, ಗಂಡಸರಿಗೆ ಎರಡು, ಗಂಟೆಗೊಮ್ಮೆ ತೊಳೆಯಲು ಸಂಬಳದ ಒಬ್ಬರು.

ಫಲಕ ಹಾಕಬೇಕಾದ್ದು ಬೆಟ್ಟದ ಪಾರ್ಕಿಂಗ್‌ನಲ್ಲಿ, ವಾಹನ ಹೊರಬೀಳುವ ಕಡೆ. ಇಳಿದು ಕ್ರಾಸ್ ದಾಟಿದ ಮೇಲೆ ಯಾರೂ ತಿರುಗಿಸಿಕೊಂಡು ಬರುವುದಿಲ್ಲ. ಅದರಲ್ಲಿ ಮೂರೇ ಮಾತು ಸಾಕು: ‘ಇಂದು 10.30ಕ್ಕೆ ತಮಟೆ, ನಂದಿ ಗ್ರಾಮ, ಊಟವಿದೆ’. ರೈಲಿನಲ್ಲಿ ಬರುವವರಿಗೆ ನಂದಿ ಹಾಲ್ಟ್ ನಿಲ್ದಾಣದಲ್ಲೂ ಒಂದಿರಲಿ.

ದೀಪಾವಳಿ ಮುಗಿದ ಮೇಲೆ ಎಂಟು ವಾರಾಂತ್ಯ ನಡೆಸಿ ನೋಡಲಿ. ಚಳಿಗಾಲವಾದ್ದರಿಂದ ಹತ್ತೂವರೆಯ ಬಿಸಿಲೂ ಹಿತವಾಗಿರುತ್ತದೆ. ಮುಂದುವರಿದರೆ ಶಿವರಾತ್ರಿ ಜಾತ್ರೆಯ ವಾರ ಮಾತ್ರ ರಜೆ ಕೊಡಲಿ. ಆ ವಾರ ಇದೇ ಕಲಾವಿದರು ತೇರಿನ ಮುಂದೆ ಬೇಕಾದವರು.

– ಜಾನಪದ ಕಲಾ ಸಂಘಟಕರು, ಚಿಕ್ಕಬಳ್ಳಾಪುರ