ಪರ್ದಾವ್ ಅಂದರೆ ನಮ್ಮ ಪ್ರತಾಪವೇ

ಸಂಪಾದಕರಿಗೆ ನಮಸ್ಕಾರ.

ಭಾನುವಾರದ ಪುರವಣಿಯಲ್ಲಿ ಕಾಳುಮೆಣಸಿನ ಹಳೇ ವ್ಯಾಪಾರದ ಲೇಖನ ಓದಿದೆ. ಖುಷಿಯಾಯಿತು. ಆದರೆ ಅದರಲ್ಲಿ ‘ಪರ್ದಾವ್’ ಎಂದರೆ ‘ಪೋರ್ಚುಗೀಸರ ನಾಣ್ಯ’ ಎಂದಷ್ಟೇ ಬರೆದು ಬಿಟ್ಟಿದ್ದೀರಿ. ಅದು ನಮ್ಮ ‘ಪ್ರತಾಪ’ ಅನ್ನೋ ಮಾತೇ ಅಲ್ವಾ?

ವಿಜಯನಗರದ ಚಿನ್ನದ ನಾಣ್ಯಗಳ ಮೇಲೆ ನಾಗರಿ ಅಕ್ಷರದಲ್ಲಿ ‘ಶ್ರೀ ಪ್ರತಾಪ ಹರಿಹರ’, ‘ಶ್ರೀ ಪ್ರತಾಪ ದೇವರಾಯ’ ಅಂತ ಇರುತ್ತಿತ್ತು. 1443ರಲ್ಲಿ ವಿಜಯನಗರಕ್ಕೆ ಬಂದಿದ್ದ ಪರ್ಷಿಯಾ ಕಡೆಯ ರಾಯಭಾರಿ ಅಬ್ದುರ್ ರಜಾಕ್, ಅರ್ಧ ವರಹಕ್ಕೆ ಪ್ರತಾಪ ಅನ್ನುತ್ತಾರೆ, ಪ್ರತಾಪದ ಹತ್ತನೇ ಒಂದು ಪಾಲಿಗೆ ಹಣ ಅನ್ನುತ್ತಾರೆ ಎಂದು ಬರೆದಿಟ್ಟಿದ್ದಾನೆ. ಆಮೇಲೆ ಬಂದ ಪೋರ್ಚುಗೀಸರ ಬಾಯಲ್ಲಿ ಪ್ರತಾಪ ಪರ್ದಾವ್ ಆಯಿತು, ಅರ್ಧಕ್ಕಿದ್ದ ಹೆಸರು ಇಡೀ ವರಹಕ್ಕೆ ಹತ್ತಿಕೊಂಡಿತು. 1520ರ ಸುಮಾರಿಗೆ ವಿಜಯನಗರ ನೋಡಿದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಾಯೆಸ್, ಇದು ಈ ರಾಜ್ಯದಲ್ಲೇ ಅಚ್ಚಾಗುವ ಚಿನ್ನದ ನಾಣ್ಯ, ಒಂದಕ್ಕೆ 360 ರೇಯ್ಸ್ ಎಂದು ಸ್ಪಷ್ಟವಾಗಿ ಹೇಳುತ್ತಾನೆ. ರೇಯ್ಸ್ ಮಾತ್ರ ಪೋರ್ಚುಗೀಸರ ಊರಿನ ಹಣದ ಲೆಕ್ಕ.

ಇನ್ನೊಂದು ಮಾತು. ಗೋವಾದಲ್ಲಿ ಬೆಳ್ಳಿಯದಕ್ಕೂ ಪರ್ದಾವ್ ಅನ್ನುತ್ತಿದ್ದರು. ಅದರ ಬೆಲೆ 300 ರೇಯ್ಸ್. ಚಿನ್ನದ್ದೋ ಬೆಳ್ಳಿಯದ್ದೋ ಅಂತ ನೋಡದೆ ಲೆಕ್ಕ ಹಾಕಿದರೆ ಮೆಣಸಿನ ದರವೇ ತಪ್ಪುತ್ತದೆ. ಲೇಖನದಲ್ಲಿ ಎರಡನ್ನೂ ಒಂದೇ ಮಾಡಿದ್ದೀರಿ.

ನಾನು ಇಕ್ಕೇರಿ ಹತ್ತಿರದವನು. ನಮ್ಮ ಅಡಿಕೆ ಮರಗಳಿಗೆ ಈಗಲೂ ಮೆಣಸಿನ ಬಳ್ಳಿ ಹಬ್ಬಿಸುತ್ತೇವೆ. 1623ರಲ್ಲಿ ಗೋವಾದಿಂದ ಪೋರ್ಚುಗೀಸ್ ರಾಯಭಾರಿ ಕೆಳದಿಯ ಅರಸ ವೆಂಕಟಪ್ಪ ನಾಯಕನನ್ನು ನೋಡಲು ಇದೇ ಇಕ್ಕೇರಿಗೆ ಬಂದಿದ್ದ, ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆಯೂ ಜೊತೆಗಿದ್ದ. ಕೆಳದಿಯವರ ವರಹದ ಒಂದು ಕಡೆ ಶಿವ ಪಾರ್ವತಿ, ಇನ್ನೊಂದು ಕಡೆ ‘ಶ್ರೀ ಸದಾಶಿವ’. ಅದೂ ವಿಜಯನಗರದಿಂದ ಬಂದ ಪದ್ಧತಿಯೇ. 1763ರಲ್ಲಿ ಕೆಳದಿಯವರ ರಾಜಧಾನಿ ಬಿದನೂರು ಗೆದ್ದ ಹೈದರಾಲಿ ಕೂಡ ಶಿವ ಪಾರ್ವತಿಯನ್ನು ಹಾಗೇ ಉಳಿಸಿಕೊಂಡು, ಹಿಂಬದಿಗೆ ತನ್ನ ಹೆಸರಿನ ಮೊದಲ ಅಕ್ಷರ ಹಾಕಿಸಿದ. ನಾಣ್ಯ ನೋಡಿದ ಜನಕ್ಕೆ ಗುರುತು ಸಿಗಬೇಕಲ್ಲ, ಇಲ್ಲದಿದ್ದರೆ ಸಂತೆಯಲ್ಲಿ ಯಾರು ತಗೊಳ್ತಾರೆ?

ಸುಮ್ನೆ ತಪ್ಪು ಹುಡುಕಲು ಬರೆದದ್ದಲ್ಲ. ಶಾಲೆ ಮಕ್ಕಳು ನಿಮ್ಮ ಪುರವಣಿ ಕತ್ತರಿಸಿ ಇಟ್ಟುಕೊಳ್ಳುತ್ತಾರೆ. ಮುಂದಿನ ಭಾನುವಾರ ಎರಡು ಸಾಲಿನ ತಿದ್ದುಪಡಿ ಹಾಕಿ, ಅದರಲ್ಲಿ ‘ಪ್ರತಾಪ’ ಅನ್ನೋ ಪದ ಇರಲಿ.

ಒಬ್ಬ ಓದುಗ, ಸಾಗರ ತಾಲ್ಲೂಕು